ಕಡಲ ದಾರಿಗೆ ಹೊರಡುವ ಮುನ್ನ

ನೀರು ಎಂದರೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗತಕ್ಕದ್ದು ಎಂಬುದು ಹೊಳೆಯ ದಂಡೆಯಲ್ಲಿ ಹುಟ್ಟಿದವರ ತಿಳಿವಳಿಕೆ. ನಮ್ಮ ಚುಂಚನಕಟ್ಟೆಯಲ್ಲಿ ಕಾವೇರಿ ಎರಡು ಸೀಳಾಗಿ ಸುಮಾರು 60 ಅಡಿ ಕೆಳಕ್ಕೆ ಧುಮುಕಿ, ಮತ್ತೆ ಒಂದಾಗಿ ತನ್ನ ಪಾಡಿಗೆ ತಾನು ಮುಂದಕ್ಕೆ ಹೋಗುತ್ತಾಳೆ. ಕೋದಂಡರಾಮನ ಗುಡಿಯ ಹೊರಗೆ ನಿಂತವರಿಗೆ ಮಳೆಗಾಲದಲ್ಲಿ ಪಕ್ಕದವರ ಮಾತು ಕೇಳಿಸದು. ಆ ಸದ್ದಿನ ಬಗಲಲ್ಲೇ 78 ವರ್ಷ ಕಳೆದ ನಮ್ಮವ್ವ ಒಂದು ದಿನ, ರಾಗಿ ಕೇರುತ್ತ ಕುಳಿತಿದ್ದವಳು, “ಕಡಲು ಅಂತಾರಲ್ಲ, ಅದನ್ನ ಒಂದು ಸಲ ನೋಡಬೇಕು ಕಣಪ್ಪ” ಎಂದಳು. ಅವಳು ನನ್ನನ್ನು ಹೀಗೆ ಏನನ್ನಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಕರಾವಳಿಯ ದಾರಿಯಲ್ಲಿ ವಾಹನದಲ್ಲಿ ಹೋಗಿ, ಅಲ್ಲಲ್ಲಿ ನಿಂತು ಚಿತ್ರ ತೆಗೆದುಕೊಂಡು ಬರುವುದಕ್ಕೆ ಏರ್ಪಾಡು ಹೇಗೆ ಮಾಡಿಕೊಳ್ಳಬೇಕು ಎಂಬುದು ಈ ಹೊತ್ತಿನ ನನ್ನ ಮಾತು. ನಾನು ಛಾಯಾಗ್ರಾಹಕನಲ್ಲ, ಹೈಸ್ಕೂಲಿನ ಕನ್ನಡ ಮೇಷ್ಟ್ರು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕು, ಅವುಗಳಲ್ಲಿ ಸಮುದ್ರವರ್ಣನೆಯೂ ಒಂದು ಎಂದು ವರ್ಷ ವರ್ಷವೂ ಪಾಠ ಹೇಳಿದವನು. ಹೇಳಿದ್ದಲ್ಲದೆ ಸಮುದ್ರವನ್ನು ನೆಟ್ಟಗೆ ನೋಡಿದವನಲ್ಲ. ಆದುದರಿಂದ ನನ್ನ ಮಾತನ್ನು ಬಲ್ಲವನ ಉಪದೇಶವೆಂದು ತಿಳಿಯದೆ, ಒಮ್ಮೆ ಕೆಡಿಸಿಕೊಂಡವನ ಲೆಕ್ಕವೆಂದು ತಿಳಿಯಿರಿ.

ಕೆಡಿಸಿಕೊಂಡದ್ದು 2022ರ ಡಿಸೆಂಬರಿನಲ್ಲಿ. ನನ್ನ ಮಗನಿಗೆ ಕ್ಯಾಮೆರಾದ ಹುಚ್ಚು. ಮಂಗಳೂರಿನಿಂದ ಕಾರವಾರದವರೆಗಿನ ಸುಮಾರು 270 ಕಿಲೋಮೀಟರಿನಲ್ಲಿ ಎಲ್ಲೆಲ್ಲಿ ಚೆಂದದ ನೋಟ ಉಂಟೋ ಅಷ್ಟನ್ನೂ ಬರೆದು, 14 ತಾಣಗಳ ಪಟ್ಟಿ ಮಾಡಿದ. ದಿನಗಳು ಎರಡು. ಬೆಳಗಿನ ಜಾವ ನಾಲ್ಕಕ್ಕೆ ಊರು ಬಿಟ್ಟೆವು. ಪಣಂಬೂರು, ಸುರತ್ಕಲ್, ಕಾಪು, ಉಡುಪಿ, ಮಲ್ಪೆ ಎಂದು ಒಂದೊಂದರಲ್ಲಿ ಇಪ್ಪತ್ತು ನಿಮಿಷ. ಮಂಡಿನೋವಿನ ಮುದುಕಿ ಗಾಡಿಯಿಂದ ಇಳಿಯುವುದಕ್ಕೆ ಐದು ನಿಮಿಷ, ಹತ್ತುವುದಕ್ಕೆ ಐದು ನಿಮಿಷ. ಮೂರನೆಯ ತಾಣದ ಹೊತ್ತಿಗೆ ಅವಳೇ “ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ” ಎನ್ನತೊಡಗಿದಳು. ನಾವೂ ಅದನ್ನು ಅನುಕೂಲವೆಂದೇ ಎಣಿಸಿದೆವು.

ಮರವಂತೆಗೆ ಬಂದಾಗ ಸಂಜೆ ಆರು ದಾಟಿತ್ತು. ಅಲ್ಲಿ ಮಾತ್ರ ಅವಳು ಇಳಿದಳು. ಅಲೆಯ ಅಂಚಿಗೆ ಹೋಗಲಿಲ್ಲ, ಕಲ್ಲುಗಳ ಈಚೆ ನಿಂತು ಬಹಳ ಹೊತ್ತು ನೋಡಿ, “ಇದು ಎತ್ತಾಗೆ ಹರೀತದೆ ಮಗ?” ಎಂದು ಕೇಳಿದಳು. ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಗ, “ಅಪ್ಪ, ಕತ್ತಲಾಗುತ್ತೆ, ಮುರ್ಡೇಶ್ವರ ಇನ್ನೂ ಇದೆ” ಎಂದ. ಆಮೇಲೆ ಹೇಳುತ್ತೇನೆಂದು ಅವ್ವನನ್ನು ಹತ್ತಿಸಿದೆ. ಮುರ್ಡೇಶ್ವರ ತಲುಪಿದಾಗ ಕತ್ತಲೆಯೇ ಆಗಿತ್ತು.

ಊರಿಗೆ ಬಂದು ನೋಡಿದರೆ ನಾನೂರಕ್ಕೂ ಮೀರಿದ ಚಿತ್ರಗಳು. ಅವುಗಳಲ್ಲಿ ಅವ್ವ ಕಡಲಿನೊಡನೆ ಇರುವುದು ಒಂದು. ಹಿಂದೆ ಮುಳುಗುವ ಸೂರ್ಯ ಉರಿಯುತ್ತಿದ್ದಾನೆ. ಮುಂದೆ ಸೆರಗು ಹೊದ್ದ ಒಂದು ಕರಿಯ ಆಕಾರ. ಯಾರ ತಾಯಿ ಬೇಕಾದರೂ ಆಗಬಹುದು.

ಈಗ ಅವಳನ್ನು ಮತ್ತೊಮ್ಮೆ ಕರೆದುಕೊಂಡು ಹೋಗುವ ಆಲೋಚನೆಯಲ್ಲಿದ್ದೇನೆ. ಮೂರನೆಯ ಸಲ ಎಂಬುದು ಇರಲಾರದು. ಅದಕ್ಕೇ ಕುಳಿತು ಲೆಕ್ಕ ಹಾಕಿದೆ. ಆ ಲೆಕ್ಕದಲ್ಲಿ ನಿಮಗೂ ಉಪಯೋಗವಾಗುವುದು ಕೆಲವುಂಟು.

ಮೊದಲನೆಯದು ಬೆಳಕಿನ ವಿಚಾರ. ನಮ್ಮದು ಪಡುವಣ ಕರಾವಳಿ. ಸೂರ್ಯ ಹುಟ್ಟುವುದು ಬೆಟ್ಟದ ಕಡೆ, ಮುಳುಗುವುದು ನೀರಿನ ಕಡೆ. ಇದು ಪ್ರಾಥಮಿಕ ಶಾಲೆಯ ಪಾಠ. ಆದರೂ ಕ್ಯಾಮೆರಾ ಹಿಡಿದಾಗ ಮರೆತುಹೋಗುತ್ತದೆ. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗೆ ನೀವು ಕಡಲಿಗೆ ಮುಖ ಮಾಡಿ ನಿಂತರೆ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ನೀರು ನೀಲಿಯಾಗಿ, ನೊರೆ ಬೆಳ್ಳಗೆ, ನಿಮ್ಮೆದುರು ನಿಂತ ಮನುಷ್ಯರ ಮುಖ ತಿಳಿಯಾಗಿ ಕಾಣುತ್ತದೆ. ಮನೆಯವರ ಚಿತ್ರ ಬೇಕಾದವರಿಗೆ ಇದೇ ಹೊತ್ತು. ಸಂಜೆ ಮುಖ ಕಪ್ಪಾಗುತ್ತದೆ. ದೋಣಿ, ತೆಂಗು, ಬಲೆ ಹೊತ್ತವನ ಆಕಾರ ಇವು ಸಂಜೆಗೆ ಒಪ್ಪುತ್ತವೆ. ನಡುಹಗಲು ಯಾವುದಕ್ಕೂ ಬೇಡ. ಆಗ ಮರಳೂ ಆಕಾಶವೂ ಒಂದೇ ಬಿಳುಪಾಗಿ ಕಣ್ಣು ಕುಕ್ಕುತ್ತವೆ. ಊಟ ಮಾಡಿ ಮಲಗತಕ್ಕದ್ದು. ಹೀಗೆ ಒಂದು ದಿನದಲ್ಲಿ ನಿಜವಾಗಿ ದೊರೆಯುವ ಹೊತ್ತು ಎರಡೇ, ಆದಕಾರಣ ತಾಣಗಳೂ ಎರಡೇ. ಎರಡು ದಿನಕ್ಕೆ ಹದಿನಾಲ್ಕು ಎಂದವನ ಗಣಿತ ಎಲ್ಲಿ ತಪ್ಪಿತೆಂಬುದು ತಿಳಿಯಿತಲ್ಲ.

ಎರಡನೆಯದು ದಿಕ್ಕು. ತೆಂಕಲಿಂದ ಬಡಗಲಿಗೆ, ಎಂದರೆ ಮಂಗಳೂರಿನಿಂದ ಕಾರವಾರದ ಕಡೆಗೆ ಹೋಗುವುದು ಮೇಲು. ನಮ್ಮಲ್ಲಿ ವಾಹನ ಎಡಕ್ಕೆ ನಡೆಯುತ್ತದೆ. ಬಡಗಲಿಗೆ ಹೋಗುವವನ ಎಡಗೈ ಕಡಲಿನ ಕಡೆಗಿರುತ್ತದೆ. ಹಿಂದೆ 17ನೆಯ ಸಂಖ್ಯೆಯದಾಗಿದ್ದ ಈ ಹೆದ್ದಾರಿಗೆ ಈಗ 66 ಎಂದು ಹೆಸರು. ಬಹುಪಾಲು ನಾಲ್ಕು ಪಥವಾಗಿ, ನಡುವೆ ವಿಭಜಕ ಬಂದಿದೆ. ಎದುರು ದಿಕ್ಕಿನಿಂದ ಬಂದವರು ಕಡಲ ಬದಿಗೆ ಸೇರಬೇಕಾದರೆ ತಿರುವನ್ನು ಹುಡುಕಬೇಕು, ಇಲ್ಲವೆ ಲಾರಿಗಳ ನಡುವೆ ರಸ್ತೆ ದಾಟಬೇಕು. ವಯಸ್ಸಾದವರು ಜೊತೆಯಲ್ಲಿದ್ದರೆ ಇದು ಸಣ್ಣ ಮಾತಲ್ಲ.

ಇನ್ನೊಂದು ಭ್ರಮೆಯನ್ನೂ ಕಳೆದುಬಿಡುತ್ತೇನೆ. ಕರಾವಳಿಯ ಹೆದ್ದಾರಿ ಎಂದೊಡನೆ ದಾರಿಯುದ್ದಕ್ಕೂ ಅಲೆಗಳು ಜೊತೆಗೆ ಬರುತ್ತವೆ ಎಂದು ನಾವು ಬಯಲುಸೀಮೆಯವರು ಭಾವಿಸುತ್ತೇವೆ. ಹಾಗೇನೂ ಇಲ್ಲ. ಮಂಗಳೂರಿನಿಂದ ಉಡುಪಿಯವರೆಗೆ ಕಾಣುವುದು ಅಂಗಡಿ, ತೆಂಗು, ಬಸ್ಸು. ಕಡಲು ತುಸು ದೂರದಲ್ಲಿ ಮರೆಯಾಗಿರುತ್ತದೆ. ಅದಕ್ಕಾಗಿ ಪಡುವಲಿಗೆ ಹೊರಳಬೇಕು. ಕಾಪುವಿನಲ್ಲಿ ಹಾಗೆ ಹೊರಳಿದರೆ ಬಂಡೆಯ ಮೇಲೆ 1901ರ ದೀಪಸ್ತಂಭ ಇದೆ. ಹತ್ತಲಾಗದವರು ಕೆಳಗೆ ಮರಳಿನಲ್ಲಿ ಕುಳಿತರೂ ನೋಟಕ್ಕೆ ಕೊರತೆಯಿಲ್ಲ.

ಹೆದ್ದಾರಿಯೇ ಕಡಲಿಗೆ ಹೊಂದಿಕೊಂಡು ಹೋಗುವ ತಾವು ಎಂದರೆ ಮರವಂತೆ. ಕುಂದಾಪುರ ದಾಟಿ ಬಡಗಲಿಗೆ ಸ್ವಲ್ಪ ದೂರ ಹೋದರೆ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಎರಡರ ನಡುವೆ ಒಂದು ರಸ್ತೆ. ಇಷ್ಟು ಹತ್ತಿರ ಬಂದೂ ಹೊಳೆ ಇಲ್ಲಿ ಕಡಲನ್ನು ಸೇರುವುದಿಲ್ಲ. ಬೆನ್ನು ತಿರುಗಿಸಿ ತೆಂಕಲಿಗೆ ನಡೆದು, ಗಂಗೊಳ್ಳಿಯ ಅಳಿವೆಯಲ್ಲಿ ಬೇರೆ ಹೊಳೆಗಳೊಡನೆ ಕೂಡಿ ಸೇರುತ್ತದೆ. ನಮ್ಮ ಕಾವೇರಿಯದೂ ಇಂಥದೇ ಸೋಜಿಗ. ಪಡುವಣ ಕಡಲಿಗೆ ಅಷ್ಟು ಸಮೀಪದ ತಲಕಾವೇರಿಯಲ್ಲಿ ಹುಟ್ಟಿ, ಅದಕ್ಕೆ ಬೆನ್ನು ಹಾಕಿ, ಸುಮಾರು 800 ಕಿಲೋಮೀಟರು ನಡೆದು ಮೂಡಣ ಕಡಲಿಗೆ ಹೋಗುತ್ತಾಳೆ. ಇದನ್ನು ಅವ್ವನಿಗೆ ಅಲ್ಲೇ ಕೂರಿಸಿಕೊಂಡು ಹೇಳಬೇಕೆಂದಿದ್ದೇನೆ.

ಮರವಂತೆಯಲ್ಲಿ ಸಂಜೆ ಎಲ್ಲರೂ ಸೂರ್ಯನ ಕಡೆಗೇ ನಿಂತಿರುತ್ತಾರೆ. ನೀವು ಒಮ್ಮೆ ಬೆನ್ನ ಕಡೆಗೆ ತಿರುಗಿ ನೋಡಿ. ಆ ಹೊಂಬಿಸಿಲೆಲ್ಲ ನದಿಯ ಮೇಲೆ, ತೆಂಗಿನ ಕುದುರುಗಳ ಮೇಲೆ, ಅವುಗಳಾಚೆ ಕೊಡಚಾದ್ರಿಯ ಸಾಲಿನ ಮೇಲೆ ಬಿದ್ದಿರುತ್ತದೆ. ಜನವರಿಯಲ್ಲಿ ಸೂರ್ಯ ಮುಳುಗುವುದು ಆರೂಕಾಲು ಆರೂವರೆಯ ನಡುವೆ, ಅದೂ ನೇರ ಪಡುವಲಿಗಲ್ಲ, ತುಸು ಎಡಕ್ಕೆ. ಐದಕ್ಕೇ ಹೋಗಿ ಕುಳಿತವನಿಗೆ ಎರಡೂ ದೊರೆಯುತ್ತವೆ. ಆ ರಾತ್ರಿ ಕುಂದಾಪುರದಲ್ಲಿ ತಂಗಿ, ಮಾರನೆಯ ಬೆಳಗ್ಗೆ ಅದೇ ಜಾಗಕ್ಕೆ ಮತ್ತೆ ಹೋಗುವುದು ನನ್ನ ಏರ್ಪಾಡು. ಒಂದೇ ಜಾಗಕ್ಕೆ ಎರಡು ಸಲವೇ ಎಂದು ಮಗ ಕೇಳಿದ. ಹೌದು, ಎರಡು ಸಲ. ಅವ್ವನ ಮುಖ ಬೆಳಗ್ಗೆ ಕಾಣುತ್ತದೆ.

ಮಲ್ಪೆಯ ಬಂದರಿಗೆ ಹೋಗುವವರು ಬೆಳಗ್ಗೆಯೇ ಹೋಗಬೇಕು. ದೋಣಿಗಳಿಂದ ಮೀನು ಇಳಿಯುವುದು, ಬುಟ್ಟಿಗಳ ಸಾಲು, ಹರಾಜಿನ ಕೂಗು ಇವನ್ನು ನೋಡುವುದೇ ಒಂದು ಹಬ್ಬ. ಜೂನ್, ಜುಲೈ ಎರಡು ತಿಂಗಳು ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಹೋದವರಿಗೆ ಕಟ್ಟಿಹಾಕಿದ ದೋಣಿಗಳಷ್ಟೇ ಕಂಡಾವು. ಅಲ್ಲಿ ದುಡಿಯುವ ಹೆಂಗಸರ ಚಿತ್ರವನ್ನು ಕೇಳದೆ ತೆಗೆಯಬೇಡಿ. ನಮ್ಮ ಸಂಕ್ರಾಂತಿಯ ದನಗಳ ಜಾತ್ರೆಗೆ ಪಟ್ಟಣದವರು ಬಂದು, ಎತ್ತನ್ನೂ ಎತ್ತಿನ ಒಡೆಯನನ್ನೂ ಒಂದೇ ತೆರನಾಗಿ ಚಿತ್ರ ಹಿಡಿದುಕೊಂಡು ಹೋಗುವಾಗ ನಮಗೆ ಹೇಗೆನಿಸುತ್ತದೆಂದು ನಾನು ಬಲ್ಲೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದೆ, ಮಳೆಗಾಲದಲ್ಲಿ ಇಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ, ಉಕ್ಕಿದ ಲಾವಾ ಆರಿ ಕಂಬಕಂಬವಾಗಿ ನಿಂತ ಕಲ್ಲುಗಳು ಅಲ್ಲಿವೆ. ಕಾಲು ಗಟ್ಟಿ ಇರುವವರು ನೋಡತಕ್ಕದ್ದು. ನಾವು ಈ ಸಲ ಬಿಟ್ಟಿದ್ದೇವೆ.

ಕುಂದಾಪುರದಿಂದ ಮುಂದೆ ಹೋಗುವ ಉತ್ಸಾಹಿಗಳಿಗೆ ಇನ್ನೆರಡು ದಿನ ಬೇಕು. ಬೈಂದೂರಿನ ಒತ್ತಿನೆಣೆ ಗುಡ್ಡ, ಹೊನ್ನಾವರದಲ್ಲಿ ಶರಾವತಿಯ ಅಳಿವೆ, ಕುಮಟೆಯ ಬಳಿ ಮಿರ್ಜಾನ್ ಕೋಟೆ, ಗೋಕರ್ಣ, ಕಡೆಗೆ ಕಾರವಾರ. ಕಾರವಾರದ ಬಳಿ ನೌಕಾಪಡೆಯ ನೆಲೆ ಇರುವುದರಿಂದ ಫಲಕ ಕಂಡಲ್ಲಿ ಕ್ಯಾಮೆರಾ ಒಳಗಿಡಬೇಕು. ಈ ಭಾಗದ ದಾರಿ ಮಳೆಗಾಲದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯಲ್ಲಿದ್ದವರನ್ನೇ ಗಂಗಾವಳಿ ಹೊಳೆಗೆ ತಳ್ಳಿತು. ಮರುತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿಯಲ್ಲಿ ಮುರಿದುಬಿತ್ತು. ನಾವು ಇಲ್ಲಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಎಂದು ಇಳಿಯುವ ಘಟ್ಟವೂ 2018ರ ಆಗಸ್ಟಿನಲ್ಲಿ ಕುಸಿದು ಬಹಳ ದಿನ ಮುಚ್ಚಿತ್ತು. ನವೆಂಬರಿನಿಂದ ಫೆಬ್ರವರಿ ಈ ಪ್ರಯಾಣದ ಕಾಲ.

ನೀರಿನ ವಿಚಾರದಲ್ಲಿ ಮೇಷ್ಟ್ರಾಗಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅವರೂ ಕಡಲಿಲ್ಲದ ಸೀಮೆಯ ಮಕ್ಕಳು. ಆ ಸುದ್ದಿ ಓದಿದ ದಿನ ನನ್ನಿಂದ ಪಾಠ ಮಾಡಲಾಗಲಿಲ್ಲ. ಹೊಳೆಯಲ್ಲಿ ಈಜು ಕಲಿತವರಿಗೆ ನೀರು ಒಂದೇ ಕಡೆಗೆ ಸೆಳೆಯುವುದು ಗೊತ್ತು. ಅಲೆ ಬಂದು, ಹಿಂದಿರುಗುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುವುದು ಗೊತ್ತಿರುವುದಿಲ್ಲ. ಚಿತ್ರಕ್ಕಾಗಿ ಬೆನ್ನನ್ನು ಕಡಲಿಗೆ ಕೊಟ್ಟು ನಿಂತವರಿಗಂತೂ ಬರುವ ಅಲೆ ಕಾಣುವುದೇ ಇಲ್ಲ. ನಮ್ಮ ಜಲಪಾತದ ಪಾಚಿಗಲ್ಲಿನ ಮೇಲೆ ಹೋಗಿ ನಿಲ್ಲುವ ಹುಡುಗರನ್ನು ನಾನು ಬೈದು ಕೆಳಗಿಳಿಸಿದ್ದೇನೆ. ಕಡಲಿನಲ್ಲೂ ಒದ್ದೆ ಮರಳಿನ ಈಚೆಗೇ ನಿಲ್ಲಿಸಿ ಚಿತ್ರ ತೆಗೆಯಿರಿ. ಕೆಂಪು ಬಾವುಟ ಇದ್ದಲ್ಲಿ ಪಾದವನ್ನೂ ಇಳಿಸಬೇಡಿ.

ಸಾಮಾನು ಹೆಚ್ಚು ಬೇಡ. ಉಪ್ಪುಗಾಳಿಯಲ್ಲಿ ಕ್ಯಾಮೆರಾದ ಗಾಜಿಗೂ ಮೊಬೈಲಿನ ಗಾಜಿಗೂ ಗಳಿಗೆಗೊಮ್ಮೆ ಮಸುಕು ಕವಿಯುತ್ತದೆ. ಒಗೆದು ಮೆತ್ತಗಾದ ಹಳೆಯ ಹತ್ತಿ ಬಟ್ಟೆ ನಾಲ್ಕು ಚೂರು ಇರಲಿ. ಮುದುಕರಿಗೆ ಮಡಿಸುವ ಕುರ್ಚಿ ಒಂದು. ನಮ್ಮ ಮೊದಲ ಪ್ರಯಾಣದಲ್ಲಿ ಮೂರು ಲೆನ್ಸುಗಳಿದ್ದವು, ಕುರ್ಚಿ ಇರಲಿಲ್ಲ.

ಕೋದಂಡರಾಮನ ಜಾತ್ರೆ ಮುಗಿದು, ಅವ್ವ ಸಾಕಿದ ಕರುಗಳ ಜೋಡಿ ಮಾರಾಟವಾದ ಮೇಲೆ ಹೊರಡುವುದೆಂದು ನಿಶ್ಚಯವಾಗಿದೆ. ಮೊದಲ ಸಂಜೆ ಕಾಪು, ಎರಡನೆಯ ಬೆಳಗ್ಗೆ ಮಲ್ಪೆ, ಸಂಜೆ ಮರವಂತೆ, ಮೂರನೆಯ ಬೆಳಗ್ಗೆ ಮತ್ತೆ ಮರವಂತೆ, ಅಲ್ಲಿಂದ ಊರಿಗೆ. ಎಡಗಡೆಯ ಮುಂದಿನ ಸೀಟು ಅವ್ವನದೆಂದು ಮಗನಿಗೆ ತಿಳಿಸಿಯಾಗಿದೆ. ಅವನ ಕ್ಯಾಮೆರಾ ಚೀಲ ಈ ಸಲ ಹಿಂದೆ ಕುರ್ಚಿಯ ಜೊತೆಗೆ ಬರುತ್ತದೆ.