ಮಗುವಿಗೆ ಜ್ವರ, ಮೈಮೇಲೆ ದದ್ದು: ಹೆಸರಿಡುವ ಮುಂಚೆ ಮಗುವನ್ನು ನೋಡಿ

(ಮೈಸೂರು ನಗರದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ಉಳಿತಾಯ, ಸಾಲ, ಬ್ಯಾಂಕ್ ಲಿಂಕೇಜ್ ಯಾವುದನ್ನೂ ಮಾತಾಡಲ್ಲ. ಮನೆಯಲ್ಲಿ ಕೂಸಿಗೆ ಜ್ವರ ಬಂದು, ಜೊತೆಗೆ ಮೈಮೇಲೆ ಕೆಂಪು ದದ್ದು ಎದ್ದರೆ ನಾವು ಏನು ಮಾಡಬೇಕು ಅನ್ನುವುದನ್ನು ಮಾತಾಡೋಣ. ಮೊದಲು ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ, ರಾತ್ರಿ ಹತ್ತು ಗಂಟೆ ದಾಟಿತ್ತು. ಸಂಘದ ಸದಸ್ಯೆ ಒಬ್ಬರು ಫೋನ್ ಮಾಡಿದರು. "ಸಿಸ್ಟರ್, ಮಗೀಗೆ ಅಮ್ಮ ಬಂದದೆ. ನಾಕು ದಿನದಿಂದ ಜ್ವರ. ನಮ್ಮತ್ತೆ ಎಲ್ಲೂ ಕರ್ಕೊಂಡು ಹೋಗಬ್ಯಾಡ ಅಂತಾರೆ" ಅಂದರು. ಮಗುವಿಗೆ ಏಳು ತಿಂಗಳು. ನಾನು ಕೇಳಿದ್ದು ಒಂದೇ ಪ್ರಶ್ನೆ, ಗುಳ್ಳೆ ಯಾವಾಗ ಎದ್ದಿತು ಅಂತ. "ನಿನ್ನೆಯಿಂದ" ಅಂದರು. "ಸರಿ, ಬೆಳಿಗ್ಗೆ ನೋಡೋಣ" ಅಂದೆ. ಮಗು ಹಾಲು ಕುಡೀತಾ ಇದೆಯಾ, ಉಸಿರು ಹೇಗಿದೆ ಅಂತ ಕೇಳಲೇ ಇಲ್ಲ. ಸಮಾಜಕಾರ್ಯದಲ್ಲಿ ಎಂ.ಎ. ಓದಿದವಳು ನಾನು. ಆ ಓದು ಆ ರಾತ್ರಿ ಉಪಯೋಗಕ್ಕೆ ಬರಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಮಗು ಉಸಿರು ಎಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಆಟೋದಲ್ಲಿ ಚೆಲುವಾಂಬ ಆಸ್ಪತ್ರೆಗೆ ಓಡಿದೆವು. ದಡಾರ, ಅದರ ಮೇಲೆ ನ್ಯುಮೋನಿಯಾ ಅಂದರು. ಆಮ್ಲಜನಕ ಕೊಟ್ಟರು. ಮಗು ಉಳಿಯಿತು. ಆದರೆ ಕಿವಿ ಸೋರಲು ಶುರುವಾಯಿತು. ಮುಂದೆ ಕೂಗಿದರೆ ಮಗು ತಿರುಗಿ ನೋಡುವುದಿಲ್ಲ ಅಂತ ತಾಯಿಗೆ ಅನುಮಾನ ಬಂತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದಾಗ ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ ಅಂತ ತಿಳಿಯಿತು. ಆ ರಾತ್ರಿಯೇ ಹೋಗಿದ್ದರೆ ಕಿವಿ ಉಳಿಯುತ್ತಿತ್ತೋ ಇಲ್ಲವೋ, ವೈದ್ಯರೂ ಖಚಿತವಾಗಿ ಹೇಳಲಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಅದು ಮಾತ್ರ ಖಚಿತ.

ಅವತ್ತು ನಾನೂ ಆ ಅತ್ತೆಯೂ ಮಾಡಿದ್ದು ಒಂದೇ ಕೆಲಸ. ಇಬ್ಬರೂ ಕಾಯಿಲೆಗೆ ಒಂದು ಹೆಸರಿಟ್ಟು ಸುಮ್ಮನಾದೆವು. ಅವರು 'ಅಮ್ಮ' ಅಂದರು, ನಾನು 'ದಡಾರ ಇರಬೇಕು, ತಾನಾಗಿ ಇಳಿಯುತ್ತೆ' ಅಂದುಕೊಂಡೆ. ಮಗುವಿನ ಕಡೆ ನಾನು ನೋಡಲಿಲ್ಲ. ದದ್ದು ಬೆವರುಸಾಲೆಯಿಂದ ಬರಬಹುದು, ದಡಾರದಿಂದ, ಸೀತಾಳೆ ಸಿಡುಬಿನಿಂದ, ಡೆಂಗಿಯಿಂದ, ಔಷಧಿ ಒಗ್ಗದೆಯೂ ಬರಬಹುದು. ಹೆಸರು ಹೇಳುವುದು ವೈದ್ಯರ ಕೆಲಸ. ಮಗುವನ್ನು ನೋಡುವುದು ನಮ್ಮ ಕೆಲಸ.

ಏನು ನೋಡಬೇಕು?

ಮೊದಲು ವಯಸ್ಸು. ಮೂರು ತಿಂಗಳ ಒಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೇರೆ ಏನನ್ನೂ ನೋಡಬೇಕಾಗಿಲ್ಲ, ನೇರ ಆಸ್ಪತ್ರೆಗೆ. ದೊಡ್ಡ ಮಗುವಾದರೆ ಇಷ್ಟು ನೋಡಿ:

1. ಎದೆಹಾಲು ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿ ಆಗುತ್ತಿದೆ.
2. ಉಸಿರು ಜೋರಾಗಿದೆ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು ಇದ್ದರೆ ಅದು ಜೋರು ಉಸಿರು. ಪಕ್ಕೆಯ ಕೆಳಗೆ ಗುಳಿ ಬಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.
3. ಮಂಕಾಗಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಅಥವಾ ಫಿಟ್ಸ್ ಬಂತು.
4. ಆರೆಂಟು ಗಂಟೆಯಿಂದ ಉಚ್ಚೆ ಹೊಯ್ದಿಲ್ಲ, ಕೈಕಾಲು ತಣ್ಣಗಿದೆ.
5. ದದ್ದಿನ ಮೇಲೆ ಗಾಜಿನ ಲೋಟ ಒತ್ತಿ ನೋಡಿದರೆ ಕೆಂಪು ಮಾಯವಾಗುವುದಿಲ್ಲ. ಇದು ಚರ್ಮದ ಒಳಗೆ ರಕ್ತ ಇಳಿದಿರುವ ಗುರುತು.

ಈ ಐದರಲ್ಲಿ ಒಂದಿದ್ದರೂ ರಾತ್ರಿಯೋ ಹಗಲೋ ಅಂತ ನೋಡಬೇಡಿ. 108ಕ್ಕೆ ಫೋನ್ ಮಾಡಿ. ಯಾವುದೂ ಇಲ್ಲದಿದ್ದರೂ, ಜ್ವರದ ಜೊತೆ ದದ್ದು ಇದ್ದ ಮೇಲೆ ಅದೇ ದಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ನಮ್ಮ ಕ್ಲಿನಿಕ್‌ನಲ್ಲೋ ತೋರಿಸಿ. ಮೂರು ನಾಲ್ಕು ದಿನ ಜ್ವರ, ಕೆಮ್ಮು, ಮೂಗು ಸೋರುವುದು, ಕೆಂಪು ಕಣ್ಣು, ಆಮೇಲೆ ಕಿವಿ ಹಿಂದೆ ಮತ್ತು ಮುಖದಲ್ಲಿ ಎದ್ದ ದದ್ದು ಮೈಗೆ ಇಳಿದರೆ ದಡಾರದ ಅನುಮಾನ. ಅದು ಗಾಳಿಯಲ್ಲಿ ಹರಡುವ ರೋಗ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯಲ್ಲಿ ಉಳಿಯಬಹುದು. ಆದ್ದರಿಂದ ಬಾಗಿಲಲ್ಲೇ "ಮಗುವಿಗೆ ಜ್ವರ, ದದ್ದು ಇದೆ" ಅಂತ ಹೇಳಿ, ಬೇರೆ ಕೂರಿಸುತ್ತಾರೆ. ಬಸುರಿ ಹೆಂಗಸರು ದೂರ ಇರಲಿ. ದಡಾರ ಅಂತ ಗೊತ್ತಾದರೆ ಎ ವಿಟಮಿನ್ ಹನಿಯನ್ನು ಎರಡು ದಿನ ಒಂದರ ಹಿಂದೆ ಒಂದರಂತೆ ಕೊಡುತ್ತಾರೆ. ಅದು ಕಣ್ಣು ಉಳಿಸುವ ಔಷಧಿ, ತಪ್ಪಿಸಬೇಡಿ.

ಮನೆಯಲ್ಲಿ ಆರೈಕೆ

ಎದೆಹಾಲು ನಿಲ್ಲಿಸಬಾರದು. ಇನ್ನೂ ಹೆಚ್ಚು ಸಲ ಕೊಡಿ. ಆರು ತಿಂಗಳು ದಾಟಿದ ಮಗುವಿಗೆ ಗಂಜಿ, ಮೆತ್ತಗಿನ ಅನ್ನ ಸ್ವಲ್ಪ ಸ್ವಲ್ಪ ಕೊಡಿ. ಭೇದಿಯಾದರೆ ಓ.ಆರ್.ಎಸ್. ಕೊಡಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು, ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಲ್ಲ. ತೆಳು ಹತ್ತಿ ಬಟ್ಟೆ ಸಾಕು, ಕಂಬಳಿ ಹೊದಿಸಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿ, ಐಸ್ ನೀರು ಬೇಡ.

ಜ್ವರದ ಔಷಧಿ ವಿಷಯದಲ್ಲಿ ಜೋಪಾನ. ಪ್ಯಾರಸಿಟಮಾಲ್ ಹನಿ ಬೇರೆ, ಸಿರಪ್ ಬೇರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ ಐದು ಎಂ.ಎಲ್.ಗೆ 125 ಅಥವಾ 250. ಸಿರಪ್ ಅಂದುಕೊಂಡು ಹನಿಯ ಔಷಧಿಯನ್ನು ಒಂದು ಚಮಚ ಕೊಟ್ಟರೆ 500 ಮಿಲಿಗ್ರಾಂ ಕೂಸಿನ ಹೊಟ್ಟೆಗೆ ಹೋಯಿತು. ಅದು ದೊಡ್ಡವರ ಮಾತ್ರೆ! ಮಗುವನ್ನು ತೂಕ ಮಾಡಿಸಿ, ಎಷ್ಟು ಎಂ.ಎಲ್. ಅಂತ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಆಸ್ಪಿರಿನ್ ಕೊಡಲೇಬೇಡಿ. ಹಳೆಯ ಚೀಟಿಯ ಆ್ಯಂಟಿಬಯಾಟಿಕ್ ಕೊಡಬೇಡಿ.

ಈಗ 'ಅಮ್ಮ'ನ ಮಾತಿಗೆ ಬರುತ್ತೇನೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ನಾನು ತೆಗೆಯಿರಿ ಅನ್ನುವವಳಲ್ಲ. ಸೊಪ್ಪು ನೋಡಿ ಅಕ್ಕಪಕ್ಕದ ಮಕ್ಕಳು ಒಳಗೆ ಬರಲ್ಲ, ಅದು ಒಳ್ಳೆಯದೇ. ಹಿರಿಯರ ಮನಸ್ಸು ನೋಯಿಸದೆ, "ಸೊಪ್ಪೂ ಕಟ್ಟೋಣ ಅತ್ತೆ, ಡಾಕ್ಟರಿಗೂ ತೋರಿಸೋಣ" ಅನ್ನಿ. ಆದರೆ ಬೇವಿನೆಣ್ಣೆಯನ್ನು ಕೂಸಿನ ಬಾಯಿಗೆ ಹಾಕಬೇಡಿ, ಅದು ಕೂಸಿಗೆ ವಿಷ. ಹೊಟ್ಟೆಗೆ ಬರೆ ಹಾಕಿಸಬೇಡಿ. ಕೆಮ್ಮುವ ಮಗುವಿನ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಬೇಡ.

ಅರಮನೆಯ ರಾಣಿಯ ತೋಳು

ನಮ್ಮ ಊರಿನದೇ ಒಂದು ಕಥೆ ಇದೆ. ಸುಮಾರು 1805ರಲ್ಲಿ ಥಾಮಸ್ ಹಿಕಿ ಅನ್ನುವ ಚಿತ್ರಕಾರ ಮೈಸೂರು ರಾಜಮನೆತನದ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬ ಎಳೆಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಸೂಜಿ ಕಂಡರೆ ಜನ ಹೆದರುತ್ತಿದ್ದ ಕಾಲವದು. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ದೊಡ್ಡ ಸಿಡುಬು ಹೋಗಿದ್ದು ಲಸಿಕೆಯಿಂದ.

ದಡಾರಕ್ಕೂ ಲಸಿಕೆ ಇದೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆ, ಅಂಗನವಾಡಿಗಳಲ್ಲಿ 9 ತಿಂಗಳಿಂದ 15 ವರ್ಷದ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕಿದ್ದು ನಿಮಗೆ ನೆನಪಿರಬಹುದು. ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ತಪ್ಪಿದ್ದರೆ ಐದು ವರ್ಷದೊಳಗೆ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಬಹುದು.

ಆ ಏಳು ತಿಂಗಳ ಮಗುವಿಗೆ ಲಸಿಕೆಯ ವಯಸ್ಸೇ ಆಗಿರಲಿಲ್ಲ. ರೋಗ ತಂದದ್ದು ಅದೇ ಮನೆಯ ನಾಲ್ಕು ವರ್ಷದ ಹುಡುಗ. ನೆಗಡಿ ಇದೆ ಅಂತ ಅವನ ಲಸಿಕೆ ಮುಂದೂಡಿದ್ದರು, ಆಮೇಲೆ ಮರೆತರು. ಸಣ್ಣ ನೆಗಡಿಗೆ ಲಸಿಕೆ ನಿಲ್ಲಿಸಬೇಕಾಗಿಲ್ಲ. ದೊಡ್ಡ ಮಕ್ಕಳ ಲಸಿಕೆಯೇ ತೊಟ್ಟಿಲಲ್ಲಿರುವ ಕೂಸಿಗೆ ಬೇಲಿ.

ಸಂಘ ಏನು ಮಾಡಬೇಕು?

ಆ ತಾಯಿ ತಡ ಮಾಡಿದ್ದಕ್ಕೆ ಇನ್ನೊಂದು ಕಾರಣ ಆಮೇಲೆ ಗೊತ್ತಾಯಿತು. ಅವರ ಕೈಯಲ್ಲಿ ಆಟೋಗೆ ದುಡ್ಡಿರಲಿಲ್ಲ. ಸಂಘದ ಪೆಟ್ಟಿಗೆಯಲ್ಲಿ ದುಡ್ಡಿತ್ತು. ಸಭೆ ಇದ್ದದ್ದು ಮೂರು ದಿನ ಬಿಟ್ಟು. ಕೇಳುವುದು ಹೇಗೆ ಅಂತ ಸಂಕೋಚಪಟ್ಟರು.

ಅದಕ್ಕೆ ಈ ವಾರದ ಸಭೆಯಲ್ಲಿ ಮೂರು ತೀರ್ಮಾನ ನಡವಳಿ ಪುಸ್ತಕದಲ್ಲಿ ಬರೆಯಿರಿ. ಒಂದು, ಮಗುವಿನ ಕಾಯಿಲೆಗೆ ಸಭೆ ಸೇರದೆಯೇ ಪ್ರತಿನಿಧಿಗಳು ಕೈಗೆ ದುಡ್ಡು ಕೊಡಬಹುದು, ಲೆಕ್ಕ ಆಮೇಲೆ. ಎರಡು, ರಾತ್ರಿ ಕರೆದರೆ ಜೊತೆಗೆ ಹೋಗುವ ಇಬ್ಬರ ಹೆಸರು, ಬರುವ ಒಬ್ಬ ಆಟೋದವರ ನಂಬರು. ಮೂರು, ಐದು ವರ್ಷದೊಳಗಿನ ಎಲ್ಲ ಮಕ್ಕಳ ತಾಯಿ ಕಾರ್ಡ್ ತಂದು ಲಸಿಕೆ ಬಿಟ್ಟುಹೋಗಿದ್ದವರ ಪಟ್ಟಿ ಮಾಡಿ ಆಶಾ ಕಾರ್ಯಕರ್ತೆಗೆ ಕೊಡುವುದು.

ಇನ್ನು ಮುಂದೆ ರಾತ್ರಿ ಯಾರಾದರೂ ನಿಮ್ಮ ಬಾಗಿಲು ತಟ್ಟಿ "ಅಕ್ಕಾ, ಮಗೀಗೆ ಜ್ವರ, ಮೈಯೆಲ್ಲ ಗುಳ್ಳೆ" ಅಂದರೆ, ಏನು ಕಾಯಿಲೆ ಅಂತ ಕೇಳಬೇಡಿ. "ಹಾಲು ಕುಡೀತಾ? ಉಸಿರು ಹೆಂಗದೆ?" ಅಂತ ಕೇಳಿ. ನಾನು ಕೇಳದೆ ಬಿಟ್ಟ ಪ್ರಶ್ನೆ ಅದು. ನೀವು ಬಿಡಬೇಡಿ.