ಧ್ವನಿ ನಮ್ಮದು, ಕೀಲಿಕೈಯೂ ನಮ್ಮದಾಗಿರಲಿ

ಕಂಸಾಳೆಯವರು ಮಲೆ ಮಹದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಅಂಥ ಹಾಡನ್ನು ಹಿಡಿದಿಡಲು ಇಂದು ಒಂದು ಒಳ್ಳೆಯ ಮೈಕು, ಒಂದು ಲ್ಯಾಪ್‌ಟಾಪು ಸಾಕು. ಆದರೆ ಯಾವ ತಂತ್ರಾಂಶ? ಹೆಚ್ಚು ಸೌಲಭ್ಯ ಯಾವುದರಲ್ಲಿದೆ ಎಂದು ನೋಡಿ ಆರಿಸುವುದು ವಾಡಿಕೆ. ನಾನು ಮುಂದಿಡುವ ಅಳತೆಗೋಲು ಬೇರೆ. ಇಂದಿನ ಮುದ್ರಣವನ್ನೂ ಅದರ ಮೇಲೆ ನಾವು ಮಾಡಿದ ಕತ್ತರಿ ಕೆಲಸವನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ತೆರೆಯಲು ಸಾಧ್ಯವೆ? ಒಳಗಿನ ಸಂಕೇತವನ್ನು ಎಲ್ಲರಿಗೂ ಬಿಚ್ಚಿಟ್ಟಿರುವ ಮುಕ್ತ ತಂತ್ರಾಂಶಗಳಿಗೆ ಈ ಪರೀಕ್ಷೆಯಲ್ಲಿ ಗೆಲ್ಲುವ ಅವಕಾಶ ಹೆಚ್ಚು.

ಇವುಗಳಲ್ಲಿ ಎರಡನ್ನು ಹೋಲಿಸೋಣ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ 1999ರಲ್ಲಿ ಆರಂಭಿಸಿದ ಆಡಾಸಿಟಿ, 2000ದಲ್ಲಿ ಜನರ ಕೈಸೇರಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅದು ನಡೆಯುತ್ತದೆ. ಭಾಷಣ, ಸಂದರ್ಶನ, ಒಬ್ಬರ ಗಾಯನ ಇಂಥವಕ್ಕೆ ಅದೇ ನನ್ನ ಮೊದಲ ಆಯ್ಕೆ. ಯಾರೂ ಮಾತಾಡದ ಎರಡು ಸೆಕೆಂಡನ್ನು ಗುರುತಿಸಿ ಕೊಟ್ಟರೆ, ಫ್ಯಾನಿನ ಗುಂಯ್‌ಗುಟ್ಟುವಿಕೆಯ ಸ್ವರೂಪವನ್ನು ಅದು ಅಲ್ಲಿಂದ ತಿಳಿದು ಉಳಿದೆಡೆ ತಗ್ಗಿಸುತ್ತದೆ. ಪಾಲ್ ಡೇವಿಸ್ ಆರಂಭಿಸಿದ ಆರ್ಡೋರ್ ಮೇಳದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಾಡುಗಾರ, ತಾಳ, ತಂಬೂರಿಗೆ ಬೇರೆಬೇರೆ ಮೈಕಿಟ್ಟು ಬೇರೆಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿ ಹದವಾಗಿ ಬೆರೆಸಬಹುದು. ಎಷ್ಟು ಕತ್ತರಿಸಿದರೂ ಮೂಲ ಮುದ್ರಣ ಮುಕ್ಕಾಗುವುದಿಲ್ಲ. ಆದರೆ ಕಲಿಕೆಗೆ ತಾಳ್ಮೆ ಬೇಕು. ಹೀಗಾಗಿ ಒಂದೇ ದನಿಗೆ ಆಡಾಸಿಟಿ, ಹಲವು ದನಿಗಳಿಗೆ ಆರ್ಡೋರ್ ಎಂಬುದು ನನ್ನ ತೀರ್ಮಾನ.

ಪುಕ್ಕಟೆ ಸಿಗುವುದು ಗಟ್ಟಿಯಾಗಿರುತ್ತದೆಯೆ ಎಂದು ಕೆಲವರು ಕೇಳುತ್ತಾರೆ. ಮುಕ್ತ ಎಂದರೆ ಪುಕ್ಕಟೆ ಎಂದಷ್ಟೇ ಅರ್ಥವಲ್ಲ. ಆರ್ಡೋರ್‌ನ ಸಂಕೇತ ಎಲ್ಲರಿಗೂ ಮುಕ್ತ, ಅದರ ತಂಡ ಸಿದ್ಧಪಡಿಸಿ ಕೊಡುವ ಪೂರ್ಣ ಆವೃತ್ತಿಗೆ ಮಾತ್ರ ಹಣ ಕೊಡಬೇಕು. ಇನ್ನೊಂದು ಆಕ್ಷೇಪ ತೂಕದ್ದು. 2021ರಲ್ಲಿ ಆಡಾಸಿಟಿ ಮ್ಯೂಸ್ ಗ್ರೂಪ್ ಎಂಬ ಕಂಪನಿಯ ಪಾಲಾಯಿತು. ಬಳಕೆದಾರರ ಮಾಹಿತಿ ಸಂಗ್ರಹಿಸುವ ಪ್ರಸ್ತಾಪ ಬಂದಾಗ ಗದ್ದಲವೆದ್ದಿತು. ಹಾಗಾದರೆ ಮುಕ್ತ ತಂತ್ರಾಂಶವನ್ನೂ ನಂಬುವಂತಿಲ್ಲವೆ? ಈ ಘಟನೆ ಸಾರುವುದು ಅದರ ತಿರುವುಮುರುವನ್ನೇ. ವಿರೋಧಕ್ಕೆ ಮಣಿದು ಆ ಪ್ರಸ್ತಾಪವನ್ನು ಕೈಬಿಡಲಾಯಿತು. ಅಸಮಾಧಾನಗೊಂಡವರು ಅದೇ ಸಂಕೇತವನ್ನು ತೆಗೆದುಕೊಂಡು ಟೆನಾಸಿಟಿ ಎಂಬ ಕವಲನ್ನು ಕಟ್ಟಿದರು. ಒಡೆತನ ಕೈಬದಲಾದರೂ, ಜನರಿಗೆ ಒಮ್ಮೆ ಕೊಟ್ಟ ಹಕ್ಕನ್ನು ಮರಳಿ ಕಿತ್ತುಕೊಳ್ಳಲು ಅದರ ಮುಕ್ತ ಪರವಾನಗಿ ಬಿಡಲಿಲ್ಲ. ಬೀಗ ಹಾಕಿದ ತಂತ್ರಾಂಶದಲ್ಲಿ ಈ ದಾರಿಯೇ ಇರುವುದಿಲ್ಲ.

ಆದರೂ ತಂತ್ರಾಂಶವೊಂದನ್ನೇ ನೆಚ್ಚುವುದು ಸಲ್ಲ. ಸಂಕಲನಕ್ಕೆ ಮುನ್ನ ಮೂಲ ಮುದ್ರಣದ ವೇವ್ (WAV) ಕಡತದ ಪ್ರತಿಯನ್ನು ಬೇರೆಯಾಗಿ ಎತ್ತಿಡಬೇಕು. ಸೆಕೆಂಡಿಗೆ 44,100 ಮಾದರಿ, 16 ಬಿಟ್‌ನಂತೆ ಒಂದು ಗಂಟೆಯ ಮೋನೋ ಮುದ್ರಣಕ್ಕೆ ಬೇಕಾಗುವುದು ಸುಮಾರು 300 ಎಂಬಿ ಜಾಗ. ಇಂದಿನ ಡಿಸ್ಕುಗಳಿಗೆ ಅದು ಹೊರೆಯಲ್ಲ. ಹಾಡುವವರ ದನಿ ಅವರೊಂದಿಗೇ ಮುಗಿಯಬಾರದೆಂದು ಮುದ್ರಿಸುತ್ತೇವೆ. ಆ ದನಿಯನ್ನು ಯಾವುದೋ ಕಂಪನಿಯ ಆಯುಷ್ಯಕ್ಕೆ ಕಟ್ಟಿಹಾಕದಿರುವುದು ಅದೇ ಕರ್ತವ್ಯದ ಉಳಿದರ್ಧ.