ಬೋರು ಕೊರೆಸುವ ಮುಂಚೆ ಲೆಕ್ಕ ಬರೆಯಿರಿ



ನೆಲಮಂಗಲದ ಸುತ್ತಿನ ಹಳ್ಳಿಗಳಲ್ಲಿ ರಾಗಿ ಹೊಲ ಇಟ್ಟುಕೊಂಡವರಿಗೆ ಆಗಾಗ ಒಂದು ಯೋಚನೆ ಬರುತ್ತದೆ: “ಒಂದು ಬೋರು ಕೊರೆಸಿಬಿಟ್ಟರೆ ಈ ಎಕರೆಯಲ್ಲಿ ತರಕಾರಿ ಮಾಡಬಹುದಲ್ಲ, ಬೆಂಗಳೂರಿನ ಮಾರುಕಟ್ಟೆ ಹತ್ತಿರದಲ್ಲೇ ಇದೆಯಲ್ಲ!” ಯೋಚನೆಯೇನೂ ಕೆಟ್ಟದ್ದಲ್ಲ. ಆದರೆ ನಮ್ಮಲ್ಲಿ ಅನೇಕರು ಮೊದಲು ಮನಸ್ಸು ಮಾಡಿ, ಆಮೇಲೆ ಲೆಕ್ಕ ಹಾಕುತ್ತಾರೆ. ಆಗ ಬರುವ ಹಣ ದೊಡ್ಡದಾಗಿ ಕಾಣುತ್ತದೆ, ಹೋಗುವ ಹಣ ಮರೆತುಹೋಗುತ್ತದೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆ ಸಾಲದ ವಿಚಾರದಲ್ಲಿ ನಡೆಯುವುದಿಲ್ಲ. ಇಳಿಯುವ ಮುಂಚೆಯೇ ಆಳ ನೋಡಬೇಕು.

ಒಂದು ಉದಾಹರಣೆ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮ ತಿಳಿಯಲೆಂದು ಇಟ್ಟುಕೊಂಡವು. ನಿಮ್ಮ ಊರಿನ ದರ ನೀವೇ ಹಾಕಿಕೊಳ್ಳಿ. ಕೊರೆಸುವುದು, ಕೇಸಿಂಗ್ ಪೈಪು, ಮೋಟಾರು ಎಲ್ಲ ಸೇರಿ 4 ಲಕ್ಷ ರೂಪಾಯಿ ಆಯಿತೆನ್ನಿ. ನೀರು 8 ವರ್ಷ ಬಂದೀತು ಎಂದರೆ ಬಾವಿಯ ಸವಕಳಿ ವರ್ಷಕ್ಕೆ 50,000. ನೂರಕ್ಕೆ 10ರಂತೆ ಮೊದಲ ವರ್ಷದ ಬಡ್ಡಿ 40,000. ಬೀಜ ಬಿತ್ತುವ ಮೊದಲೇ 90,000 ರೂಪಾಯಿ ತಲೆಯ ಮೇಲೆ ಬಂತು.

ತರಕಾರಿ ಮಾರಿ, ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಗಾಡಿ ಬಾಡಿಗೆ ಕಳೆದು 1,60,000 ಉಳಿಯಿತು. ಅದರಲ್ಲಿ 90,000 ತೆಗೆದರೆ 70,000. “ಲಾಭ ಬಂತಲ್ಲ” ಅಂತೀರಿ. ತಾಳಿ. ಗಂಡ ಹೆಂಡತಿ ಇಬ್ಬರೂ ತಲಾ 100 ದಿನ ದುಡಿದಿದ್ದೀರಿ. ದಿನಕ್ಕೆ 400ರಂತೆ ಅದು 80,000. ಈಗ 10,000 ನಷ್ಟವೇ ಆಯಿತು! ಅದೇ ಹೊಲದಲ್ಲಿ ರಾಗಿ, ಅಕ್ಕಡಿ ಸಾಲಿನ ಅವರೆ, ದನಕ್ಕೆ ಹುಲ್ಲು ಬಂದು, ದುಡಿಮೆಯ ಕೂಲಿಯನ್ನೂ ಕಳೆದು 15,000 ಉಳಿಯುತ್ತಿತ್ತೆಂದರೆ, ಅದೂ ಕೈಬಿಟ್ಟಿತು. ಒಟ್ಟಿನಲ್ಲಿ ಮೊದಲಿಗಿಂತ 25,000 ಕೆಳಗಿಳಿದಿರಿ.

“ಮನೆಯವರ ಕೆಲಸಕ್ಕೆ ಎಂಥಾ ಕೂಲಿ?” ಎಂದು ಕೇಳಬಹುದು. ಸರ್ಕಾರವೇ ಆ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. 1965ರಲ್ಲಿ ಕೃಷಿ ಬೆಲೆ ಆಯೋಗವೆಂದು ಆರಂಭವಾದ ಸಂಸ್ಥೆ ಈಗ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವಾಗಿ ಬೆಂಬಲ ಬೆಲೆಗೆ ಶಿಫಾರಸು ಮಾಡುತ್ತಿದೆ. 2024-25ರಲ್ಲಿ ರಾಗಿಗೆ ಕ್ವಿಂಟಾಲಿಗೆ 4,290 ರೂಪಾಯಿ ಗೊತ್ತಾದಾಗ ಆಧಾರವಾಗಿ ಇಟ್ಟುಕೊಂಡ ಖರ್ಚು 2,860. ಅದರಲ್ಲಿ ಮನೆಯವರ ದುಡಿಮೆಯೂ ಸೇರಿತ್ತು. ದಾಬಸ್‌ಪೇಟೆಯ ಕಾರ್ಖಾನೆಗೆ ಹೋದರೆ ಸಂಬಳ ಸಿಗುವ ಕೈಗಳು ತೋಟದಲ್ಲಿ ಮಾತ್ರ ಪುಕ್ಕಟೆ ಹೇಗಾದಾವು? ಬೇರೆ ಕೆಲಸವಿಲ್ಲದ ದಿನಗಳಿಗೆ ಕಡಿಮೆ ಕೂಲಿ ಹಾಕಿ. ಸೊನ್ನೆ ಮಾತ್ರ ಹಾಕಬೇಡಿ. ಹೆಂಗಸರ ದುಡಿಮೆಗಂತೂ ಹಾಕಲೇಬೇಡಿ.

ಇನ್ನು ಫೇಲಾದ ಬೋರಿನ ಮಾತು. ಎರಡು ಕೊರೆಸಿದರೆ ಒಂದಕ್ಕೆ ನೀರು ಎಂಬುದು ನಿಮ್ಮೂರಿನ ಅನುಭವವಾದರೆ, ನೀರು ಬಂದ ಬೋರಿನ ಲೆಕ್ಕಕ್ಕೆ ಬರಿದಾದದ್ದರ ಖರ್ಚನ್ನೂ ಸೇರಿಸಿ. ಅದಕ್ಕೆ 1,60,000 ಹೋಗಿದ್ದರೆ ವರ್ಷಕ್ಕೆ ಇನ್ನೂ 20,000 ಕೂಡಿತು. ಕೇಂದ್ರ ಅಂತರ್ಜಲ ಮಂಡಳಿಯು ನೆಲಮಂಗಲವನ್ನು ಅತಿಯಾಗಿ ನೀರೆತ್ತಿದ ತಾಲ್ಲೂಕುಗಳ ಸಾಲಿಗೆ ಸೇರಿಸಿದೆ. ಅಂದರೆ ವರ್ಷದಲ್ಲಿ ಇಂಗುವುದಕ್ಕಿಂತ ನಾವು ಎತ್ತುವುದೇ ಹೆಚ್ಚು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ನಿಜ. ಹಾಗೆಂದು ನೀರಿಗೆ ಬೆಲೆಯಿಲ್ಲವೆಂದಲ್ಲ. ನಿಮ್ಮ ಬೋರು ಪಕ್ಕದವರ ಬೋರನ್ನು ಒಣಗಿಸಿದರೆ ಅದೂ ಊರಿನ ಖರ್ಚೇ. ನಾಳೆ ಅವರು ಇನ್ನೂ ಆಳಕ್ಕೆ ಕೊರೆಸಿದರೆ ಒಣಗುವುದು ನಿಮ್ಮದು.

ನಮ್ಮ ಹೊಲಗಳಿಗೆ ನೀಲಗಿರಿ ಬಂದದ್ದೂ ಇಂಥ ಅರ್ಧ ಲೆಕ್ಕದಿಂದಲೇ. ಆಳು ಬೇಡ, ದನ ಮೇಯುವುದಿಲ್ಲ, ಕೆಲವು ವರ್ಷಕ್ಕೆ ಗಂಟು ಹಣ ಎಂದು ಬರುವ ಕಡೆಯನ್ನೇ ಬರೆದರು. ಕೈತಪ್ಪಿದ ರಾಗಿ, ಹುಲ್ಲು, ನೀರು ಇವನ್ನು ಬರೆಯಲಿಲ್ಲ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹಾಗಾದರೆ ಬೋರು ಬೇಡವೇ ಬೇಡ ಎಂದಲ್ಲ. ಮಕ್ಕಳ ಹಳೇ ನೋಟುಬುಕ್ಕಿನಲ್ಲಿ ಮೂರು ಪುಟ ತೆಗೆಯಿರಿ. ಒಂದು ಪುಟ ಬೋರಿಗೆ, ಒಂದು ಕೃಷಿ ಹೊಂಡಕ್ಕೆ, ಒಂದು ಈಗಿರುವ ರಾಗಿಗೆ. ಪ್ರತಿ ಪುಟದ ಎಡಗಡೆ ಹೋಗುವುದು, ಬಲಗಡೆ ಬರುವುದು. ಬರುವ ಕಡೆ ಒಳ್ಳೇ ವರ್ಷದ ಬೆಲೆ ಬರೆದು ಸುಮ್ಮನಾಗದೆ, ಟೊಮೇಟೊ ಬೆಲೆ ಬಿದ್ದ ವರ್ಷವನ್ನೂ ಬರೆದು ನೋಡಿ. ಮನೆಯವರೆಲ್ಲ ಕೂತು ಓದಿ. ಅಷ್ಟಾದ ಮೇಲೂ ಬೋರಿನ ಪುಟವೇ ಮೇಲಾದರೆ, ಬೇಕಾದ ಅನುಮತಿ ಪಡೆದು ಧೈರ್ಯವಾಗಿ ಕೊರೆಸಿ. ಇಲ್ಲದಿದ್ದರೆ ಲಾರಿ ಹೊಲಕ್ಕೆ ಬರುವ ಮುಂಚೆಯೇ ತಡೆಯಿರಿ. ಅಲ್ಲಿಯವರೆಗೆ ಖರ್ಚಾಗುವುದು ಮೂರು ಹಾಳೆ ಕಾಗದ ಮಾತ್ರ.